ಜಾತ್ರೆಯ ದಾರಿಯಲ್ಲಿ ಮಕ್ಕಳ ಜೋಪಾನ



ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥೋತ್ಸವ, ಹಡಗಲಿ ಸೀಮೆಯ ಮೈಲಾರದ ಕಾರಣಿಕ, ಉಜ್ಜಿನಿಯ ಮರುಳಸಿದ್ಧೇಶ್ವರನ ದರ್ಶನ, ಇವೆಲ್ಲ ನಮ್ಮ ನಾಡಿನ ಕುಟುಂಬಗಳನ್ನು ವರ್ಷವರ್ಷವೂ ದಾರಿಗಿಳಿಸುತ್ತವೆ. ಹಿಂದೆ ಕಮಾನು ಬಂಡಿ ಹೂಡಿ ಹೊರಡುತ್ತಿದ್ದವರು ಇಂದು ಬೈಕು, ಆಟೋ, ಟ್ರ್ಯಾಕ್ಟರು, ಟೆಂಪೋಗಳನ್ನೇರುತ್ತಾರೆ. ಎತ್ತಿನ ನಡಿಗೆಯ ವೇಗ ಹೋಯಿತು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಅಂದಿನ ರೂಢಿ ಮಾತ್ರ ಹಾಗೆಯೇ ಉಳಿದಿದೆ. ಅಪಾಯವಿರುವುದು ಇಲ್ಲಿಯೇ.

2023ರ ಅಕ್ಟೋಬರ್ 9ರಂದು ಹರಪನಹಳ್ಳಿ ತಾಲ್ಲೂಕಿನ ಕೂಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮುಗಿಸಿ ಹೊಸಪೇಟೆಗೆ ಮರಳುತ್ತಿದ್ದ ಕ್ರೂಸರ್ ವಾಹನಕ್ಕೆ ಲಾರಿ ಬಂದಪ್ಪಳಿಸಿ ಏಳು ಮಂದಿ ಅಸುನೀಗಿದರು. ಎದುರಿನ ಲಾರಿ ನಮ್ಮ ಹಿಡಿತದಲ್ಲಿಲ್ಲ, ನಿಜ. ನಮ್ಮ ಮಗುವನ್ನು ಹೇಗೆ ಕೂರಿಸಿ ಕರೆದೊಯ್ಯುವೆವೆಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಢಿಕ್ಕಿ ಹೊಡೆದು ಥಟ್ಟನೆ ನಿಂತರೆ, ಒಳಗಿರುವ ಮಗು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಆ ಪೆಟ್ಟು ಸುಮಾರು 20 ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. ತಾಯಿ ಎಷ್ಟೇ ಅಪ್ಪಿ ಹಿಡಿದಿದ್ದರೂ ಅವಳ ತೋಳು ಅದನ್ನು ತಡೆಯಲಾರದು. ಕೂಡ್ಲಿಗಿಯ ಮೇಲೆ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನಗಳ ವೇಗ ಇದರ ಇಮ್ಮಡಿಯಾಗಿರುತ್ತದೆ. ಜಗತ್ತಿನಲ್ಲಿ 5ರಿಂದ 29 ವಯಸ್ಸಿನವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

‘ಕೊಟ್ಟೂರೇಶ ಕಾಯುತ್ತಾನೆ’ ಎನ್ನುವ ಭಕ್ತರುಂಟು. ಆ ನಂಬುಗೆಯನ್ನು ನಾವು ಅಲ್ಲಗಳೆಯೆವು. ಆದರೆ ಕರಡಿಗೆಯ ಮುಚ್ಚಳ ಸಡಿಲಾಗಿದೆಯೇ, ಶಿವದಾರ ಸವೆದಿದೆಯೇ ಎಂದು ನಾವು ನೋಡಿಕೊಳ್ಳುತ್ತೇವಲ್ಲವೆ? ಲಿಂಗವು ತನ್ನನ್ನು ತಾನೇ ಕಾದುಕೊಳ್ಳಲೆಂದು ಯಾವ ಭಕ್ತನೂ ಬಿಡನು. ಗರ್ಭದಲ್ಲಿರುವಾಗಲೇ ಗುರುವಿನಿಂದ ಲಿಂಗಸಂಸ್ಕಾರ ಪಡೆಯುವ ಕೂಸು ಶಿವನು ನಮಗೊಪ್ಪಿಸಿದ ಒಡವೆ. ಅದಕ್ಕೂ ಅದೇ ಎಚ್ಚರ ಸಲ್ಲಬೇಕು.

ಕಾನೂನು ಕೇಳುವುದೂ ಇದನ್ನೇ. 2019ರ ತಿದ್ದುಪಡಿಯಂತೆ ಬೈಕಿನ ಮೇಲೆ ಕೂರುವ ನಾಲ್ಕು ವರ್ಷ ಮೀರಿದ ಪ್ರತಿ ಮಗುವಿಗೂ ಹೆಲ್ಮೆಟ್ ಬೇಕು. 2022ರ ನಿಯಮದಂತೆ ಅದಕ್ಕಿಂತ ಚಿಕ್ಕ ಕೂಸಿಗೆ ಅಂಗಿಯಂತೆ ತೊಡಿಸಿ ಸವಾರನ ಭುಜಕ್ಕೆ ಬಿಗಿಯುವ ರಕ್ಷಾಪಟ್ಟಿ ಇರಬೇಕು. ಒಂಬತ್ತು ತಿಂಗಳು ತುಂಬಿದ್ದರೆ ತಲೆಗೆ ತಕ್ಕ ಹೆಲ್ಮೆಟ್ಟೂ ಬೇಕು. ವೇಗ 40 ಕಿ.ಮೀ. ಮೀರಕೂಡದು. ಕಾರಿನಲ್ಲಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ, ಅವರ ಅಳತೆಗೆ ಒಪ್ಪುವ ಆಸನದಲ್ಲಿ ಬೆಲ್ಟು ಬಿಗಿದು ಕೂರಿಸುವುದು ಲೇಸು.

ಇಷ್ಟಕ್ಕೆಲ್ಲ ಹಣವೆಲ್ಲಿಯದು ಎಂದು ಹಗರಿಬೊಮ್ಮನಹಳ್ಳಿ ಕಡೆಯ ಬಡ ರೈತ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಅಂಥವರಿಗೆ ಸಾರಿಗೆ ಸಂಸ್ಥೆಯ ಬಸ್ಸೇ ಸುರಕ್ಷಿತ. ನಾಲ್ಕು ಮನೆಯವರು ಕೂಡಿ ಸೀಟಿಗೊಬ್ಬರಂತೆ ಕೂರುವ ವಾಹನ ಗೊತ್ತು ಮಾಡಿಕೊಳ್ಳಬಹುದು. ಸರಕು ಸಾಗಿಸುವ ಟೆಂಪೋ, ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಮಾತ್ರ ಮಕ್ಕಳನ್ನು ಹತ್ತಿಸಲಾಗದು. ಅನುಕೂಲವಂತರು ಜಾತ್ರೆಯ ದಾಸೋಹಕ್ಕೆ ಅಕ್ಕಿಬೆಲ್ಲ ಕೊಡುವಂತೆ ಹತ್ತು ಚಿಕ್ಕ ಹೆಲ್ಮೆಟ್ಟುಗಳನ್ನೂ ಕೊಡಲಿ. ಅದೂ ದಾಸೋಹವೇ.

ತೇರು ಎಳೆಯಲು ಹೋದ ಮಕ್ಕಳೆಲ್ಲರೂ ಮನೆಗೆ ಮರಳಿದಾಗಲೇ ಜಾತ್ರೆ ಮುಗಿಯಿತೆಂದು ತಿಳಿಯೋಣ.