ಕೋಲಂ ಬಿಡಿಸಿದವಳ ಹೆಸರೆಲ್ಲಿ?

ಮಾರ್ಗಳಿ ಬಂತೆಂದರೆ ತಮಿಳುನಾಡಿನ ಬೀದಿಗಳಲ್ಲಷ್ಟೇ ಅಲ್ಲ, ಪತ್ರಿಕೆಗಳಲ್ಲೂ ಕೋಲಂ ಕಾಣಿಸಿಕೊಳ್ಳುತ್ತದೆ. ಡಿಸೆಂಬರ್ ನಡುವಿನಿಂದ ಪೊಂಗಲ್‌ವರೆಗೆ ಒಂದೇ ರಾಗ: ಸಂಸ್ಕೃತಿ ಅಳಿಯುತ್ತಿದೆ, ಹೊಸ್ತಿಲಿಗೆ ಸ್ಟಿಕ್ಕರ್ ಬಂತು, ಈಗಿನ ಹೆಣ್ಣುಮಕ್ಕಳು ಸೋಮಾರಿಗಳು. ಧನುರ್ಮಾಸದ ರಂಗೋಲಿ ಬಗ್ಗೆ ನಮ್ಮ ಊರುಗಳಲ್ಲೂ ಇದೇ ಗೊಣಗಾಟ. ಈ ಗೊಣಗಾಟದ ಬಗ್ಗೆಯೇ ನಮ್ಮ ತಕರಾರು.

ಕೆಲಸ ಎಂಥದ್ದು, ಮೊದಲು ನೋಡಿ. ಬೆಳಕು ಹರಿಯುವ ಮುನ್ನ ಎದ್ದು, ಬಾಗಿಲ ಮುಂದೆ ಗುಡಿಸಿ, ಸಗಣಿ ನೀರು ಚಿಮುಕಿಸಿ, ಸೊಂಟ ಬಗ್ಗಿಸಿ ಅಕ್ಕಿಹಿಟ್ಟಿನಲ್ಲಿ ಪುಳ್ಳಿ, ಅಂದರೆ ಚುಕ್ಕಿ ಇಡಬೇಕು. ಸಿಕ್ಕು ಕೋಲಂ ಆದರೆ ಗೆರೆ ಚುಕ್ಕಿಗಳನ್ನು ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಸೇರಬೇಕು. ಒಂದು ತಿರುವು ತಪ್ಪಿದರೆ ಲೆಕ್ಕವೆಲ್ಲ ತಪ್ಪಿತು. ಮಾರ್ಗಳಿಯಲ್ಲಿ ನಡುವೆ ಸಗಣಿ ಉಂಡೆ ಇಟ್ಟು ಕುಂಬಳದ ಹೂ ಸಿಕ್ಕಿಸುತ್ತಾರೆ. ಬಿಸಿಲೇರುವಷ್ಟರಲ್ಲಿ ಇರುವೆ, ಗುಬ್ಬಿ ತಿಂದು, ಓಡಾಡುವವರು ತುಳಿದು ಎಲ್ಲ ಅಳಿಸಿಹೋಗುತ್ತದೆ. ನಾಳೆ ಮತ್ತೆ ಮೊದಲಿಂದ.

ಇದು ಬರೀ ಅಲಂಕಾರವಲ್ಲ, ವಿದ್ಯೆ. ಗಿಫ್ಟ್ ಸಿರೊಮೋನಿ, ರಾಣಿ ಸಿರೊಮೋನಿ, ಕಮಲಾ ಕೃತಿವಾಸನ್ 1974ರಲ್ಲೇ ಕೋಲಂನ ವ್ಯಾಕರಣದ ಮೇಲೆ ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಕಂಪ್ಯೂಟರ್ ವಿಜ್ಞಾನಕ್ಕೆ ಅದು ಪಾಠವಾಯಿತು. ಮನೆಯಲ್ಲಿ ಮಾತ್ರ ಅದು ಇಂದಿಗೂ 'ಹೆಂಗಸರ ಬೆಳಗಿನ ಕೆಲಸ'.

ಕೋಲಂ ಮಾತೂ ಆಗಬಲ್ಲದು. 2019ರ ಡಿಸೆಂಬರ್ 29ರಂದು ಚೆನ್ನೈನ ಬೆಸೆಂಟ್ ನಗರದಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬೇಡವೆಂದು ಕೋಲಂ ಬಿಡಿಸಿದವರನ್ನು ಪೊಲೀಸರು ವಶಕ್ಕೆ ಪಡೆದರು. ಕಾಯ್ದೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಪ್ರಶ್ನೆ ಇಷ್ಟೇ: ಹೂ ಬಳ್ಳಿ ಬರೆದರೆ ಸಂಸ್ಕೃತಿ, ಅನಿಸಿದ್ದನ್ನು ಬರೆದರೆ ಅಪರಾಧವೇ?

ಪತ್ರಿಕೋದ್ಯಮ ಓದಿದ ನಮ್ಮ ತಪ್ಪೂ ಇದರಲ್ಲಿದೆ. ರಂಗೋಲಿ ಸ್ಪರ್ಧೆಯ ವರದಿ ನಾವೂ ಬರೆದಿದ್ದೇವೆ. ಬಹುಮಾನ ಕೊಟ್ಟ ಮುಖ್ಯ ಅತಿಥಿಯ ಹೆಸರು, ಹುದ್ದೆ, ಭಾಷಣ ಎಲ್ಲ ಅದರಲ್ಲಿತ್ತು. ಚಿತ್ರದ ಅಡಿಗೆ ಮಾತ್ರ 'ರಂಗೋಲಿ ಬಿಡಿಸುತ್ತಿರುವ ಮಹಿಳೆಯರು' ಎಂದು ಬರೆದು ಕೈತೊಳೆದುಕೊಂಡೆವು. ಆಕೆಯ ಹೆಸರೇನು, ಎಷ್ಟು ಚುಕ್ಕಿ, ಯಾರಿಂದ ಕಲಿತಳು ಎಂದು ಕೇಳಲಿಲ್ಲ.

ಹಾಗಾಗಿ ನಾವು ಸ್ಟಿಕ್ಕರ್ ಅಂಟಿಸಿದವಳನ್ನು ಬಯ್ಯುವುದಿಲ್ಲ. ಏಳು ಗಂಟೆಯ ಬಸ್ಸು ಹಿಡಿಯುವವಳಿಗೆ ಅದು ಉಳಿಸುವ ಅರ್ಧ ಗಂಟೆಯ ಬೆಲೆ ಅವಳಿಗೇ ಗೊತ್ತು. ಸಂಸ್ಕೃತಿ ಉಳಿಯಬೇಕು ಎನ್ನುವ ಗಂಡಸರು ಹಿಟ್ಟಿನ ಡಬ್ಬ ಕೈಗೆತ್ತಿಕೊಳ್ಳಲಿ. ಚುಕ್ಕಿ ಇಡಲು ಮೀಸೆ ಅಡ್ಡ ಬರುವುದಿಲ್ಲ. ಮೊದಲ ದಿನ ಗೆರೆ ಸೊಟ್ಟಗಾದೀತು, ಆಗಲಿ. ಸೊಂಟ ನೋವು ಬಂದ ಮೇಲೆ ಸಂಸ್ಕೃತಿಯ ಬಗ್ಗೆ ಮಾತಾಡೋಣ.