ಬೇಸಿನ ದಾರಿ ಯಾರದು?

ಸಾಫ್ಟ್‌ಬಾಲ್ ಎಂಬ ಹೆಸರನ್ನು ಕೇಳಿ ಅದು ಮೆತ್ತನೆಯ ಆಟವೆಂದು ನಂಬುವ ತಾಯಿತಂದೆಗಳು ಇನ್ನೂ ಇರುವರು. 1887ರಲ್ಲಿ ಷಿಕಾಗೋ ನಗರದಲ್ಲಿ ಈ ಆಟವು ಮನೆಯೊಳಗಣ ವಿನೋದವಾಗಿ ಹುಟ್ಟಿತು. ಇಂದಿನ ಚೆಂಡಾದರೋ ಗಟ್ಟಿಯಾದುದೇ. ಆದರೆ ನಾನು ಹೇಳಹೊರಟಿರುವುದು ಚೆಂಡಿನ ಮಾತಲ್ಲ, ಇಬ್ಬರು ಹುಡುಗಿಯರು ಒಂದೇ ಬೇಸಿನ ಕಡೆಗೆ ಧಾವಿಸುವಾಗ ಒದಗುವ ಡಿಕ್ಕಿಯ ಮಾತು. ಬೇಸ್‌ಬಾಲಿನಲ್ಲಿ ಬೇಸುಗಳ ನಡುವೆ 90 ಅಡಿ. ಇಲ್ಲಿ 60 ಅಡಿ ಮಾತ್ರ. ಯೋಚಿಸಲು ವೇಳೆ ಕಡಿಮೆ.

ಕಬಡ್ಡಿಯಲ್ಲಿ ಎದುರಾಳಿಯ ದಾರಿಗೆ ಅಡ್ಡ ನಿಂತು ಹಿಡಿಯುವುದೇ ಕೌಶಲ. ಅದರಲ್ಲಿ ಪಳಗಿದ ಬಾಲಿಕೆಯರು ಅದೇ ಅಭ್ಯಾಸವನ್ನು ಇಲ್ಲಿಗೂ ತರುವುದು ಸಹಜವಷ್ಟೆ. ಸಾಫ್ಟ್‌ಬಾಲಿನ ನಿಯಮವೋ ಬೇರೆ. ಚೆಂಡು ಕೈಯಲ್ಲಿಲ್ಲದ, ಹೊಡೆದ ಚೆಂಡನ್ನು ಹಿಡಿಯುವ ಯತ್ನದಲ್ಲಿಯೂ ಇಲ್ಲದ ಫೀಲ್ಡರು ಓಟಗಾರ್ತಿಯನ್ನು ತಡೆಯಕೂಡದು. ಹೊಡೆದ ಚೆಂಡನ್ನು ಹಿಡಿಯಹೋಗುವವಳಿಗಾದರೋ ಓಟಗಾರ್ತಿಯೇ ದಾರಿ ಬಿಡತಕ್ಕದ್ದು. ಅಡ್ಡಿಯನ್ನು ಕಂಡ ಅಂಪೈರರು ಆಟವನ್ನು ಒಡನೆ ನಿಲ್ಲಿಸದೆ ಎಡಗೈಯನ್ನು ಚಾಚುವರು. ಅಡ್ಡಿಯಿಲ್ಲದಿದ್ದರೆ ಓಟಗಾರ್ತಿಯು ಯಾವ ಬೇಸನ್ನು ಸೇರುತ್ತಿದ್ದಳೋ ಅದನ್ನು ಬಳಿಕ ಅವಳಿಗೆ ಕೊಡುವರು.

ನನ್ನ ಆಕ್ಷೇಪಣೆಯು ಈ ಪರಿಹಾರದ ಮೇಲೆಯೇ. ಓಟಗಾರ್ತಿಗೆ ಅವಳದಾದುದು ಮರಳಿ ದೊರೆಯುವುದೇ ವಿನಾ ಅಡ್ಡ ನಿಂತವಳ ಪಕ್ಷಕ್ಕೆ ಸಾಮಾನ್ಯವಾಗಿ ಬೇರೆ ನಷ್ಟವೇನೂ ಇಲ್ಲ. ಅಂಪೈರರ ಕಣ್ಣು ತಪ್ಪಿದರೆ ಲಾಭವೇ ಉಂಟು! ಆದುದರಿಂದಲೇ “ಬೇಸನ್ನು ಮುಚ್ಚಿ ನಿಲ್ಲು” ಎಂದು ಕೂಗುವ ತರಬೇತಿದಾರರು ಇರುವರು. ಮುರಿದ ಕಾಲಿಗೆ ಅಂಪೈರರು ಯಾವ ಬೇಸನ್ನು ಕೊಟ್ಟಾರು? ಆ ಕಾಲು ಅಡ್ಡ ನಿಂತವಳದೇ ಆಗಿರಲೂಬಹುದು. ಅಮೆರಿಕೆಯ ವೃತ್ತಿಪರ ಬೇಸ್‌ಬಾಲಿನಲ್ಲಿ 2011ರಲ್ಲಿ ಬಸ್ಟರ್ ಪೋಸಿ ಎಂಬ ಪ್ರಸಿದ್ಧ ಕ್ಯಾಚರರು ಹೋಂ ಪ್ಲೇಟಿನ ಬಳಿ ಇಂಥ ಡಿಕ್ಕಿಯಲ್ಲಿ ಕಾಲು ಮುರಿದುಕೊಂಡರು. 2014ರಲ್ಲಿ ಅಲ್ಲಿ ಅದನ್ನು ತಡೆಯುವ ನಿಯಮವು ಬಂದಿತು. ಹಣಕ್ಕಾಗಿ ಆಡುವ ಗಂಡಸರೇ ತ್ಯಜಿಸಿದುದನ್ನು ಹದಿಮೂರು ವರುಷದ ಹುಡುಗಿಗೆ ಕಲಿಸುವುದು ಯಾವ ನ್ಯಾಯ?

ಕಲಿಸಬೇಕಾದುದು ಕಷ್ಟವಾದುದೇನೂ ಅಲ್ಲ. ಬೇಸಿನ ಪಕ್ಕದಲ್ಲಿ ನಿಂತು, ಓಟಗಾರ್ತಿಗೆ ಅದರ ಒಂದು ಅಂಚನ್ನು ಕಾಣಗೊಟ್ಟು, ಚೆಂಡು ಕೈಸೇರಿದ ಮೇಲೆಯೇ ಮುಟ್ಟಲು ಬಾಗಬೇಕು. ಎಸೆಯುವವಳನ್ನು ನಾವು ಮರೆಯುತ್ತೇವೆ. ಎಸೆತವು ಓರೆಯಾದರೆ ಹಿಡಿಯುವವಳು ತಾನಾಗಿಯೇ ಓಟದ ದಾರಿಗೆ ಎಳೆಯಲ್ಪಡುವಳು; ಅಭ್ಯಾಸದ ಅರ್ಧ ಹೊತ್ತನ್ನು ಇದಕ್ಕೇ ಕೊಟ್ಟರೂ ಹೆಚ್ಚಲ್ಲ. ಎಡಗೈ ಚಾಚಿದಾಗ ಗೆರೆಯಾಚೆಯಿಂದ ಬೊಬ್ಬಿಡುವ ಪೋಷಕರು ದಯಮಾಡಿ ಸುಮ್ಮನಿರಲಿ. ಆ ಕೈ ಅವರ ಮಗಳನ್ನೂ ಕಾಯುವುದು.

ಮೊದಲನೆಯ ಬೇಸಿನಲ್ಲಿ ಮಾತ್ರ ಬರಿಯ ಬೋಧನೆ ಸಾಲದು. ಅಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಬೇಸು ಬೇಕು. ಇದಕ್ಕೆಂದೇ ಜೋಡಿ ಬೇಸು ಏರ್ಪಟ್ಟಿದೆ: ಬಿಳಿಯ ಭಾಗವು ಫೀಲ್ಡರಿಗೆ, ಹೊರಗಣ ಕಿತ್ತಳೆ ಬಣ್ಣದ ಭಾಗವು ಓಡಿಬರುವವಳಿಗೆ. ಶಾಲೆಗೆ ಬೆಳ್ಳಿಯ ಬಟ್ಟಲನ್ನು ಕಾಣಿಕೆ ಕೊಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರು ಈ ವರುಷ ಅದರ ಬದಲು ಇಂಥದೊಂದು ಜೋಡಿ ಬೇಸನ್ನು ಕೊಡಿಸಬಾರದೇಕೆ?