ಯಂತ್ರ ಕೊಳ್ಳುವ ಮುನ್ನ ಗಂಟೆಯ ಲೆಕ್ಕ

ಡಿಪ್ಲೊಮಾ ಮುಗಿಸಿದ ಮಗನೋ ಮಗಳೋ ಸ್ವಂತ ವರ್ಕ್‌ಶಾಪ್ ತೆರೆಯಲು ಹೊರಟಾಗ ಮನೆಯವರು ಮೊದಲು ಕೇಳುವುದು ಯಂತ್ರದ ಬೆಲೆಯನ್ನು. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ?

ಒಂದು ಸಿಎನ್‌ಸಿ ಲೇತ್‌ಗೆ 24 ಲಕ್ಷ ರೂಪಾಯಿ, ಆಯುಷ್ಯ 10 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಓಡಿದರೆ ಒಟ್ಟು 24,000 ಗಂಟೆ. ಅಂದರೆ ಗಂಟೆಗೆ 100 ರೂಪಾಯಿ ಸವಕಳಿ. ಕೆಲಸ ಸಿಗದೆ ದಿನಕ್ಕೆ 2 ಗಂಟೆ ಮಾತ್ರ ಓಡಿದರೆ ಅದೇ 400 ರೂಪಾಯಿ. ಬ್ಯಾಂಕಿನ ಬಡ್ಡಿ ಬೇರೆ. ಯಂತ್ರ ನಿಂತರೂ ಅದು ನಿಲ್ಲದು.

ಹಾಗೆಂದು ಯಂತ್ರವನ್ನು ಸುಮ್ಮನೆ ಓಡಿಸುವುದೂ ಜಾಣತನವಲ್ಲ. ಎಲಿಯಾಹು ಗೋಲ್ಡ್‌ರಾಟ್ 1984ರ ‘ದಿ ಗೋಲ್’ ಕಾದಂಬರಿಯಲ್ಲಿ ತೋರಿಸಿದಂತೆ, ಇಡೀ ಕಾರ್ಖಾನೆಯ ವೇಗವನ್ನು ನಿರ್ಧರಿಸುವುದು ಅತ್ಯಂತ ಇಕ್ಕಟ್ಟಿನ ಹಂತ. ಲೇತ್ ಗಂಟೆಗೆ 20 ಬಿಡಿಭಾಗ ಕೊಟ್ಟು, ಗ್ರೈಂಡಿಂಗ್ 12ನ್ನಷ್ಟೇ ಮುಗಿಸಿದರೆ, ಉಳಿದ 8 ಮೂಲೆಯಲ್ಲಿ ರಾಶಿ ಬೀಳುತ್ತವೆ. ಹಾಕಿದ ಹಣವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಎರಡನೇ ಲೇತ್ ದಂಡ. ಗ್ರೈಂಡಿಂಗ್‌ಗೆ ಇನ್ನೊಂದು ಪಾಳಿ ಹಾಕಿದರೆ ಸಾಕು.

ಆದ್ದರಿಂದ ಅಪರೂಪಕ್ಕೆ ಬರುವ ಕೆಲಸವನ್ನು ಆರಂಭದಲ್ಲಿ ಹೊರಗೆ ಜಾಬ್‌ವರ್ಕ್‌ಗೆ ಕೊಡುವುದು ಕ್ಷೇಮ. ಆ ಖರ್ಚು ಸ್ವಂತ ಯಂತ್ರದ ವೆಚ್ಚವನ್ನು ಮೀರತೊಡಗಿದಾಗ ಕೊಳ್ಳಬಹುದು. ಮನೆ ಅಡವಿಡುವ ಮುನ್ನ ಈ ಲೆಕ್ಕ ಒಂದು ಹಾಳೆಯ ಮೇಲೆ ಬರಲಿ.